ವಿಕ್ಟೋರಿಯಾ ಮನಾಲೋ ಡ್ರೇವ್ಸ್: ಧುಮುಕುವ ವಿದ್ಯೆಯಲ್ಲಿ ಜಗತ್ತನ್ನು ಗೆದ್ದ ಹೆಣ್ಣುಮಗಳು

ಒಬ್ಬ ಹುಡುಗಿಯು ಶಾಲೆಗೆ ಸೇರುವಾಗ ದಾಖಲಾತಿ ಪುಸ್ತಕದಲ್ಲಿ ಎಲ್ಲಕ್ಕಿಂತ ಮೊದಲು ಬರೆಯಲ್ಪಡುವುದು ಆಕೆಯ ಹೆಸರು. ಹುಟ್ಟಿದ ತಾರೀಖು, ಊರು, ತಂದೆಯ ಉದ್ಯೋಗ ಮುಂತಾದ ಸಂಗತಿಗಳೆಲ್ಲ ಅದರ ತರುವಾಯ ಬರುತ್ತವೆ. ಆ ಹೆಸರನ್ನು ಹೊರಗೆ ಬಿಟ್ಟು ಬಂದರೆ ಮಾತ್ರ ವಿದ್ಯೆಯನ್ನು ಕಲಿಸುವೆವೆಂದು ಯಾರಾದರೂ ಹೇಳಿದರೆ ಆ ಹುಡುಗಿಯು ಏನು ಮಾಡಬೇಕು? ಆಕೆಯ ತಂದೆತಾಯಿಗಳು ಏನು ಮಾಡಬೇಕು? ಇಂಥ ಸಂಕಟಕ್ಕೆ ಗುರಿಯಾಗಿಯೂ ತಾನು ಕಲಿತ ವಿದ್ಯೆಯಲ್ಲಿ ಜಗತ್ತಿನಲ್ಲಿಯೇ ಮೊದಲನೆಯ ಸ್ಥಾನವನ್ನು ಪಡೆದ ಒಬ್ಬ ಹೆಣ್ಣುಮಗಳ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡುವುದು ಈ ಲೇಖನದ ಉದ್ದೇಶವಾಗಿದೆ.

೧೯೪೮ನೆಯ ಇಸವಿಯಲ್ಲಿ ಲಂಡನ್ ನಗರದಲ್ಲಿ ನಡೆದ ಒಲಿಂಪಿಕ್ ಪಂದ್ಯಗಳನ್ನು ನಮ್ಮ ದೇಶದವರು ಹಾಕಿಯ ಆಟಕ್ಕಾಗಿ ನೆನೆಯುತ್ತಾರೆ. ಸ್ವತಂತ್ರ ಭಾರತದ ತಂಡವು ಆಗಸ್ಟ್ ೧೨ರಂದು ಬ್ರಿಟನ್ನಿನ ತಂಡವನ್ನು ನಾಲ್ಕು ಗೋಲುಗಳಿಂದ ಸೋಲಿಸಿ ಚಿನ್ನದ ಪದಕವನ್ನು ಗೆದ್ದುಕೊಂಡಿತು. ನಮ್ಮ ಬೆಂಗಳೂರಿನ ಅಹಮದ್ ಖಾನ್ ಅವರು ಭಾರತದ ಕಾಲ್ಚೆಂಡಿನ ತಂಡದಲ್ಲಿ ಆಡಿದ್ದೂ ಅದೇ ಪಂದ್ಯಗಳಲ್ಲಿಯೇ. ಹಾಕಿಯ ಜಯಕ್ಕೆ ಕೆಲವೇ ದಿನಗಳ ಮೊದಲು, ಅದೇ ವೆಂಬ್ಲಿಯ ಈಜುಕೊಳದಲ್ಲಿ, ಅಮೆರಿಕ ದೇಶದ ೨೩ ವರ್ಷ ವಯಸ್ಸಿನ ಒಬ್ಬ ತರುಣಿಯು ಅಲ್ಲಿಯವರೆಗೆ ಯಾವ ಸ್ತ್ರೀಯೂ ಮಾಡದಿದ್ದ ಕಾರ್ಯವನ್ನು ಮಾಡಿ ತೋರಿಸಿದಳು. ಧುಮುಕುವ ವಿದ್ಯೆಯ ಎರಡು ಪಂದ್ಯಗಳನ್ನೂ ಒಂದೇ ಒಲಿಂಪಿಕ್ಕಿನಲ್ಲಿ ಗೆದ್ದಳು. ಆಕೆಯೇ ವಿಕ್ಟೋರಿಯಾ ಮನಾಲೋ ಡ್ರೇವ್ಸ್. ಮನೆಯವರೂ ಸ್ನೇಹಿತರೂ ಆಕೆಯನ್ನು ವಿಕಿ ಎಂದು ಕರೆಯುತ್ತಿದ್ದರು.

ಜನನ ಮತ್ತು ಬಾಲ್ಯ

ವಿಕ್ಟೋರಿಯಾ ೧೯೨೪ನೆಯ ಇಸವಿ ಡಿಸೆಂಬರ್ ೩೧ರಂದು ಅಮೆರಿಕದ ಪಶ್ಚಿಮ ಕರಾವಳಿಯ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದಳು. ಆಕೆಯೊಡನೆ ಅವಳಿಯಾಗಿ ಹುಟ್ಟಿದ ಒಬ್ಬ ಸಹೋದರಿಯೂ ಇದ್ದಳು. ತಂದೆಯು ಫಿಲಿಪೈನ್ಸ್ ದ್ವೀಪಗಳಿಂದ ಬಂದವನು. ಅಡಿಗೆಯ ಕೆಲಸದಿಂದ ಸಂಸಾರವನ್ನು ಸಾಗಿಸುತ್ತಿದ್ದನು. ತಾಯಿಯು ಇಂಗ್ಲೆಂಡಿನಿಂದ ಬಂದವಳು. ಆಕೆಯ ತೌರಿನ ಮನೆತನದ ಹೆಸರು ಟೇಲರ್ ಎಂಬುದು. ಈ ಹೆಸರನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಇದಕ್ಕೆ ಸಂಬಂಧಪಟ್ಟ ಸಂಗತಿಯೊಂದಿದೆ.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ತಿಳಿಯದಿದ್ದರೆ ಈ ಚರಿತ್ರೆಯು ಅರ್ಥವಾಗದು. ಫಿಲಿಪೈನ್ಸ್ ದೇಶವು ೧೮೯೮ರಿಂದ ೧೯೪೬ರ ವರೆಗೆ ಅಮೆರಿಕದ ಆಳ್ವಿಕೆಯಲ್ಲಿತ್ತು. ಅಲ್ಲಿಯ ಜನರು ಹೊಟ್ಟೆಪಾಡಿಗಾಗಿ ಕ್ಯಾಲಿಫೋರ್ನಿಯಕ್ಕೆ ಬಂದು ತೋಟಗಳಲ್ಲಿ, ಹೋಟೆಲುಗಳಲ್ಲಿ, ಶ್ರೀಮಂತರ ಮನೆಗಳಲ್ಲಿ ದುಡಿಯುತ್ತಿದ್ದರು. ಅವರ ದುಡಿಮೆಯು ಬೇಕಾಗಿತ್ತು. ಅವರು ನೆರೆಮನೆಯವರಾಗುವುದು ಬೇಕಾಗಿರಲಿಲ್ಲ. ೧೯೩೩ರಲ್ಲಿ ಫಿಲಿಪೈನ್ಸಿನವರೂ ಬಿಳಿಯರೂ ಪರಸ್ಪರ ಮದುವೆಯಾಗಕೂಡದೆಂದು ಆ ಸಂಸ್ಥಾನದ ಕಾಯಿದೆಯೇ ವಿಧಿಸಿತು. ವಿಕಿಯ ತಂದೆತಾಯಿಗಳು ಅದಕ್ಕೆ ಮೊದಲೇ ಮದುವೆಯಾಗಿದ್ದರೂ, ಇಂಥ ಕಾಯಿದೆಯನ್ನು ಹುಟ್ಟಿಸಿದ ತಿರಸ್ಕಾರವು ಅವರ ಮಕ್ಕಳು ಬೆಳೆದ ಬೀದಿಗಳಲ್ಲಿ ಮೊದಲಿನಿಂದಲೂ ಇದ್ದೇ ಇತ್ತೆಂಬುದನ್ನು ಹೇಳಬೇಕಾಗಿಲ್ಲ.

ಬಾಲ್ಯದಲ್ಲಿ ವಿಕಿಗೆ ಇದ್ದ ಆಸೆಯು ನರ್ತನವನ್ನು ಕಲಿಯಬೇಕೆಂಬುದು. ಆದರೆ ಅದಕ್ಕೆ ಬೇಕಾದ ಹಣವು ಮನೆಯಲ್ಲಿರಲಿಲ್ಲ. ಹತ್ತು ವರ್ಷ ವಯಸ್ಸಾಗುವವರೆಗೆ ಈಜನ್ನು ಸಹ ಆಕೆಯು ಕ್ರಮವಾಗಿ ಕಲಿತವಳಲ್ಲ. ಆಮೇಲೆ ರೆಡ್ ಕ್ರಾಸ್ ಸಂಸ್ಥೆಯವರು ಬೇಸಗೆಯಲ್ಲಿ ನಡೆಸುತ್ತಿದ್ದ ಪಾಠಗಳಿಗೆ ಹೋಗಿ ಈಜು ಕಲಿತಳು. ಊರಿನ ಸಾರ್ವಜನಿಕ ಈಜುಕೊಳಕ್ಕೆ ಪ್ರವೇಶದ ಶುಲ್ಕವು ಐದು ಸೆಂಟುಗಳು ಮಾತ್ರ. ದೊಡ್ಡ ವಿದ್ಯೆಗಳಿಗೆ ಅನೇಕ ವೇಳೆ ಇಂಥ ಅಗ್ಗದ ಬಾಗಿಲೇ ಮೊದಲಿನ ಬಾಗಿಲಾಗಿರುತ್ತದೆ. ಊರಿನ ಹಣದಿಂದ ನಡೆಯುವ ವಾಚನಾಲಯ, ಆಟದ ಬಯಲು, ಈಜುಕೊಳ ಇವುಗಳಿಂದ ಯಾವ ಮಗುವಿಗೆ ಎಷ್ಟು ಉಪಕಾರವಾಗುವುದೆಂದು ಅವುಗಳನ್ನು ಕಟ್ಟಿಸುವವರಿಗೆ ಆ ದಿನ ತಿಳಿದಿರುವುದಿಲ್ಲ.

ಧುಮುಕುವ ವಿದ್ಯೆಯ ಸ್ವರೂಪ

ನಮ್ಮ ಹಳ್ಳಿಗಳಲ್ಲಿ ಬೇಸಗೆ ಬಂತೆಂದರೆ ಗಂಡುಹುಡುಗರು ಬೆನ್ನಿಗೆ ಸೋರೆಬುರುಡೆಯನ್ನು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುವುದೂ, ಕಲಿತವರು ಮೇಲಿನ ಕಟ್ಟೆಯಿಂದ ದೊಪ್ಪನೆ ಹಾರಿ ನೀರನ್ನು ಮುಗಿಲಿಗೆ ಎರಚುವುದೂ ಎಲ್ಲರೂ ಕಂಡ ಸಂಗತಿಯೇ. ಅಲ್ಲಿ ಹೆಚ್ಚು ನೀರನ್ನು ಹಾರಿಸಿದವನೇ ಶೂರನು. ಡೈವಿಂಗ್ ಎಂಬ ವಿದ್ಯೆಯಲ್ಲಿ ಇದು ತಲೆಕೆಳಗಾಗಿದೆ. ನೀರನ್ನು ಎಷ್ಟು ಕಡಿಮೆ ಕದಡಿದರೆ ಅಷ್ಟು ಶ್ರೇಷ್ಠ.

ಒಲಿಂಪಿಕ್ ಪಂದ್ಯಗಳಲ್ಲಿ ಇದಕ್ಕೆ ಎರಡು ಮುಖ್ಯ ವಿಭಾಗಗಳುಂಟು. ಒಂದು, ನೀರಿನಿಂದ ಮೂರು ಮೀಟರು ಎತ್ತರದಲ್ಲಿರುವ ಚಿಮ್ಮುಹಲಗೆಯಿಂದ ಧುಮುಕುವುದು. ಈ ಹಲಗೆಯು ಕಾಲಿನ ಒತ್ತಡಕ್ಕೆ ಬಾಗಿ, ಮತ್ತೆ ಮೇಲಕ್ಕೆ ಚಿಮ್ಮಿ, ಧುಮುಕುವವರನ್ನು ಗಾಳಿಗೆ ಎತ್ತುತ್ತದೆ. ಇನ್ನೊಂದು, ಹತ್ತು ಮೀಟರು ಎತ್ತರದ ಅಲುಗದ ವೇದಿಕೆಯಿಂದ ಧುಮುಕುವುದು. ಹತ್ತು ಮೀಟರೆಂದರೆ ಮೂರು ಅಂತಸ್ತಿನ ಕಟ್ಟಡದಷ್ಟು ಎತ್ತರ. ಅಲ್ಲಿಂದ ಬಿಟ್ಟ ದೇಹವು ಸುಮಾರು ಒಂದೂವರೆ ಸೆಕೆಂಡಿನೊಳಗೆ ನೀರನ್ನು ಮುಟ್ಟುತ್ತದೆ. ಮುಟ್ಟುವಾಗ ಅದರ ವೇಗವು ಗಂಟೆಗೆ ಸುಮಾರು ೫೦ ಕಿಲೋಮೀಟರಿನಷ್ಟಿರುತ್ತದೆ. ಆ ವೇಗದಲ್ಲಿ ಮೈ ಅಡ್ಡವಾಗಿ ಬಿದ್ದರೆ ನೀರು ಮೃದುವಾಗಿರುವುದಿಲ್ಲ. ಬೆನ್ನಿಗೂ ಹೊಟ್ಟೆಗೂ ಬಲವಾದ ಪೆಟ್ಟು ಬೀಳುತ್ತದೆ. ಆದುದರಿಂದ ಕೈಬೆರಳಿನಿಂದ ಕಾಲಿನ ತುದಿಯವರೆಗೆ ದೇಹವೆಲ್ಲವನ್ನೂ ಒಂದು ಸೂಜಿಯಂತೆ ನೆಟ್ಟಗೆ ಮಾಡಿ ನೀರನ್ನು ಸೇರಬೇಕು.

ಈ ಒಂದೂವರೆ ಸೆಕೆಂಡಿನಲ್ಲಿ ಧುಮುಕುವವರು ಗಾಳಿಯಲ್ಲಿ ಲಾಗ ಹಾಕುತ್ತಾರೆ, ತಿರುಪಿನಂತೆ ಸುತ್ತುತ್ತಾರೆ. ಕೈಕಾಲುಗಳನ್ನು ಮಡಿಸಿ ಮೊಣಕಾಲನ್ನು ಎದೆಗೆ ಅಪ್ಪಿಕೊಂಡರೆ ದೇಹವು ಬೇಗ ಸುತ್ತುತ್ತದೆ. ಮೈಯನ್ನು ಚಾಚಿದರೆ ಸುತ್ತುವ ವೇಗವು ತಗ್ಗುತ್ತದೆ. ತಿರುಗುವ ಪೀಠದ ಮೇಲೆ ಕುಳಿತು ಕೈಗಳನ್ನು ಚಾಚುತ್ತ ಮಡಿಸುತ್ತ ಇದ್ದರೆ ನಮ್ಮ ವಿಜ್ಞಾನದ ತರಗತಿಯ ಹುಡುಗಿಯರೂ ಈ ನಿಯಮವನ್ನು ಪ್ರತ್ಯಕ್ಷವಾಗಿ ಕಾಣಬಹುದು. ಯಾವ ಕ್ಷಣದಲ್ಲಿ ಮೈಯನ್ನು ಬಿಚ್ಚಬೇಕೆಂಬುದನ್ನು ತಿಳಿಯುವುದರಲ್ಲಿಯೇ ಈ ವಿದ್ಯೆಯ ರಹಸ್ಯವೆಲ್ಲ ಅಡಗಿದೆ. ಒಂದು ಕ್ಷಣ ಮೊದಲಾದರೆ ಸುತ್ತು ಪೂರ್ತಿಯಾಗದು. ಒಂದು ಕ್ಷಣ ತಡವಾದರೆ ಕಾಲುಗಳು ಆಚೆಗೆ ವಾಲಿ ನೀರು ಎರಚುತ್ತದೆ.

ಇನ್ನು ತೀರ್ಪಿನ ಕ್ರಮ. ತೀರ್ಪುಗಾರರು ಒಂದೊಂದು ನೆಗೆತಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕಗಳನ್ನು ಕೊಡುತ್ತಾರೆ. ಒಲಿಂಪಿಕ್ಕಿನ ಇಂದಿನ ಪದ್ಧತಿಯಂತೆ ಒಬ್ಬೊಬ್ಬರೇ ಧುಮುಕುವ ಪಂದ್ಯಗಳಲ್ಲಿ ಏಳು ಮಂದಿ ತೀರ್ಪುಗಾರರಿರುತ್ತಾರೆ. ಅವರು ಕೊಟ್ಟ ಅಂಕಗಳಲ್ಲಿ ಅತಿ ಹೆಚ್ಚಿನ ಎರಡನ್ನೂ ಅತಿ ಕಡಿಮೆಯ ಎರಡನ್ನೂ ಬಿಟ್ಟು, ಉಳಿದ ಮೂರನ್ನು ಕೂಡಿಸಿ, ಆ ನೆಗೆತವು ಎಷ್ಟು ಕಠಿನವೆಂದು ಮೊದಲೇ ಗೊತ್ತುಮಾಡಿರುವ ಅಂಕಿಯಿಂದ ಗುಣಿಸುತ್ತಾರೆ. ಸುಲಭವಾದುದನ್ನು ಚೆನ್ನಾಗಿ ಮಾಡಿದವರಿಗಿಂತ ಕಷ್ಟವಾದುದನ್ನು ಚೆನ್ನಾಗಿ ಮಾಡಿದವರಿಗೆ ಹೆಚ್ಚು ಫಲ ದೊರೆಯಬೇಕೆಂಬುದು ಇದರ ತಾತ್ಪರ್ಯ.

ಸ್ತ್ರೀಯರಿಗೆ ವೇದಿಕೆಯ ಪಂದ್ಯವು ೧೯೧೨ರಲ್ಲಿ ಸ್ಟಾಕ್‌ಹೋಮಿನಲ್ಲಿಯೂ, ಚಿಮ್ಮುಹಲಗೆಯ ಪಂದ್ಯವು ೧೯೨೦ರಲ್ಲಿ ಆಂಟ್ವೆರ್ಪಿನಲ್ಲಿಯೂ ಮೊದಲಾದವು. ಆ ೧೯೨೦ರ ಪಂದ್ಯವನ್ನು ಗೆದ್ದ ಐಲೀನ್ ರಿಗಿನ್ ಎಂಬ ಬಾಲಿಕೆಗೆ ಆಗ ೧೪ ವರ್ಷ ವಯಸ್ಸು. ಆದಾಗ್ಯೂ ಎರಡು ಪಂದ್ಯಗಳನ್ನೂ ಒಂದೇ ಸಲ ಗೆದ್ದ ಸ್ತ್ರೀಯು ೧೯೪೮ರ ವರೆಗೆ ಹುಟ್ಟಿರಲಿಲ್ಲ. ಎರಡು ಪಂದ್ಯಗಳಿಗೂ ಬೇಕಾದ ಅಭ್ಯಾಸವೇ ಬೇರೆ. ಹಲಗೆಯ ಮೇಲೆ ಅದರ ಚಿಮ್ಮುವಿಕೆಗೆ ಹೊಂದಿಕೊಂಡು ತಾಳವನ್ನು ಹಿಡಿಯಬೇಕು. ವೇದಿಕೆಯ ಮೇಲೆ ತನ್ನ ಕಾಲಿನ ಬಲವನ್ನು ಮಾತ್ರ ನಂಬಿ ಭಯವನ್ನು ಅಡಗಿಸಬೇಕು.

ಹೆಸರಿನ ಬೆಲೆ

ವಿಕಿಯು ಈ ವಿದ್ಯೆಯನ್ನು ಕಲಿಯಲು ತೊಡಗಿದ್ದು ೧೬ ವರ್ಷದವಳಾದ ಮೇಲೆ. ಈಗಿನ ಕಾಲದಲ್ಲಿ ಏಳೆಂಟು ವರ್ಷಕ್ಕೇ ಅಭ್ಯಾಸವನ್ನು ಪ್ರಾರಂಭಿಸುವವರಿರುವಾಗ ಇದು ಬಹಳ ತಡವೆಂದೇ ಹೇಳಬೇಕು. ಸಾನ್ ಫ್ರಾನ್ಸಿಸ್ಕೋ ನಗರದ ಫೇರ್‌ಮಾಂಟ್ ಹೋಟೆಲಿನಲ್ಲಿ ಈಜುವವರ ಮತ್ತು ಧುಮುಕುವವರ ಒಂದು ಸಂಘವಿತ್ತು. ಅಲ್ಲಿಯ ಶಿಕ್ಷಕರಾಗಿದ್ದ ಫಿಲ್ ಪ್ಯಾಟರ್ಸನ್ ಎಂಬವರ ಬಳಿಗೆ ಆಕೆಯು ಹೋದಳು. ಹುಡುಗಿಯ ಮೈಯ ಹಗುರವನ್ನೂ ಕಲಿಯುವ ಶಕ್ತಿಯನ್ನೂ ಆ ಶಿಕ್ಷಕರು ಗುರುತಿಸಿದರು. ಆದರೆ ಮನಾಲೋ ಎಂಬ ಫಿಲಿಪೈನ್ಸಿನ ಹೆಸರುಳ್ಳವಳನ್ನು ಆ ಸಂಘಕ್ಕೆ ಸೇರಿಸಿಕೊಳ್ಳಲಾಗದು ಎಂಬ ಸ್ಥಿತಿಯಿತ್ತು. ತಂದೆಯ ಹೆಸರನ್ನು ಬಿಟ್ಟು ತಾಯಿಯ ತೌರಿನ ಹೆಸರಾದ ಟೇಲರ್ ಎಂಬುದನ್ನು ಇಟ್ಟುಕೊಳ್ಳಬೇಕೆಂದು ಅವರು ಹೇಳಿದರು. ಇಷ್ಟೇ ಅಲ್ಲದೆ, ಆಕೆಯು ಹೋಟೆಲಿನ ಸಂಘದವಳೆಂದು ಎಣಿಸಲ್ಪಡದಂತೆ ತಮ್ಮ ಹೆಸರಿನಲ್ಲಿಯೇ ಬೇರೊಂದು ಶಾಲೆಯನ್ನು ಏರ್ಪಡಿಸಿ ಆಕೆಯನ್ನು ಅದಕ್ಕೆ ಸೇರಿಸಿದರು.

ಇಲ್ಲಿ ಸ್ವಲ್ಪ ನಿಂತು ಆಲೋಚಿಸುವುದು ಯುಕ್ತ. ಪ್ಯಾಟರ್ಸನ್ ಅವರು ವಿದ್ಯೆಯನ್ನು ವಂಚನೆಯಿಲ್ಲದೆ ಕಲಿಸಿದರು. ತಮ್ಮ ಕಾಲದ ಕಟ್ಟಳೆಯೊಳಗೆ ಒಂದು ಉಪಾಯವನ್ನು ಹುಡುಕಿದೆನೆಂದು ಅವರು ಎಣಿಸಿದ್ದಿರಬಹುದು. ಆದರೆ ಬೇರೆಯವರಿಗಾಗಿ ತೆರೆದ ಬಾಗಿಲಿನಿಂದ ಒಳಕ್ಕೆ ಬಿಡುವುದು ಬೇರೆ, ಗೋಡೆಯ ಆಚೆಗೆ ಒಬ್ಬಳಿಗಾಗಿ ಪ್ರತ್ಯೇಕವಾಗಿ ಬಾಗಿಲು ಕೊರೆಯುವುದು ಬೇರೆ. ಅದಲ್ಲದೆ ಟೇಲರ್ ಎಂಬುದು ಸುಳ್ಳು ಹೆಸರಲ್ಲ. ಹೆತ್ತ ತಾಯಿಯ ಹೆಸರೇ. ಸತ್ಯವಾದ ಒಂದು ಹೆಸರಿನಿಂದ ಸತ್ಯವಾದ ಇನ್ನೊಂದು ಹೆಸರನ್ನು ಮರೆಮಾಡಬೇಕಾಗಿ ಬಂದದ್ದರಲ್ಲಿಯೇ ಈ ಸಂಗತಿಯ ಕ್ರೂರತೆಯಿದೆ. ದಿನದ ಕೆಲಸವನ್ನು ಮುಗಿಸಿ ಬಂದ ತಂದೆಯು ಪಂದ್ಯದ ವರದಿಯಲ್ಲಿ ತನ್ನ ಮಗಳ ಗೆಲುವನ್ನು ಓದುವಾಗ ಅಲ್ಲಿ ತನ್ನ ಹೆಸರು ಇರುವುದಿಲ್ಲವಲ್ಲವೇ?

ನಮ್ಮಲ್ಲಿಯೂ ಇದಕ್ಕೆ ಹತ್ತಿರವಾದ ಸಂಗತಿಗಳಿಲ್ಲವೆಂದು ಹೇಳುವಂತಿಲ್ಲ. ಹಳ್ಳಿಯಿಂದ ಪಟ್ಟಣದ ಶಾಲೆಗೆ ಬಂದ ಹುಡುಗಿಯು ತನ್ನ ಊರಿನ ಹೆಸರನ್ನು ಹೇಳಲು ನಾಚುವುದುಂಟು. ತಂದೆಯು ಚಪ್ಪಲಿ ಹೊಲಿಯುವವನೆಂದೋ, ತಾಯಿಯು ಮನೆಗೆಲಸದವಳೆಂದೋ ಗೆಳತಿಯರಿಗೆ ತಿಳಿಯದಂತೆ ನೋಡಿಕೊಳ್ಳುವುದುಂಟು. ಮನೆಯಲ್ಲಿ ಆಡುವ ಮಾತಿನ ಧಾಟಿಯನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಬರುವುದುಂಟು. ಯಾರೂ ಬಾಯಿಬಿಟ್ಟು ಆಜ್ಞೆ ಮಾಡದಿದ್ದರೂ ಒಂದು ನಗೆ, ಒಂದು ಪಿಸುಮಾತು ಆ ಆಜ್ಞೆಯ ಕೆಲಸವನ್ನು ಮಾಡಿಬಿಡುತ್ತದೆ. ಆದುದರಿಂದ ವಿಕಿಯ ಕಥೆಯು ಏಳು ಸಮುದ್ರಗಳಾಚೆಯದೆಂದು ನಾವು ನಿಶ್ಚಿಂತರಾಗಿರುವಂತಿಲ್ಲ.

ಗುರುಗಳೂ ಒಡನಾಡಿಗಳೂ

ಎರಡನೆಯ ಮಹಾಯುದ್ಧವು ಅಮೆರಿಕವನ್ನು ಪ್ರವೇಶಿಸಿದ ಮೇಲೆ ಪ್ಯಾಟರ್ಸನ್ ಅವರು ಸೈನ್ಯಕ್ಕೆ ಹೋದರು. ವಿಕಿಯು ೧೯೪೨ರಲ್ಲಿ ಹೈಸ್ಕೂಲಿನ ವಿದ್ಯಾಭ್ಯಾಸವನ್ನು ಮುಗಿಸಿ, ಮನೆಯ ಖರ್ಚಿಗೆ ನೆರವಾಗಲೆಂದು ಸೈನ್ಯದ ಬಂದರಿನ ವೈದ್ಯಾಧಿಕಾರಿಯ ಕಚೇರಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿದಳು. ಹಗಲು ಕೆಲಸ, ಅದು ಮುಗಿದ ಬಳಿಕ ಅಭ್ಯಾಸ. ಅದೇ ನಗರದ ಕ್ರಿಸ್ಟಲ್ ಪ್ಲಂಜ್ ಎಂಬ ಈಜುಕೊಳದಲ್ಲಿ ಚಾರ್ಲಿ ಸಾವಾ ಅವರ ಆಶ್ರಯವು ಆಕೆಗೆ ದೊರೆಯಿತು. ಗುರುವು ದೂರವಾದಾಗ ವಿದ್ಯೆಯನ್ನು ಕೈಬಿಡದೆ ಮತ್ತೊಬ್ಬ ಗುರುವನ್ನು ಹುಡುಕಿಕೊಂಡು ಹೋದದ್ದು ಆಕೆಯ ಮೊದಲನೆಯ ಜಯವೆಂದು ಉಪಾಧ್ಯಾಯಿನಿಯಾದ ನಾನು ಎಣಿಸುತ್ತೇನೆ.

ಯುದ್ಧಕಾಲದಲ್ಲಿ ನಡೆದ ರಾಷ್ಟ್ರೀಯ ಪಂದ್ಯದಲ್ಲಿ ಆಕೆಗೆ ಸ್ಯಾಮಿ ಲೀ ಎಂಬ ತರುಣನ ಪರಿಚಯವಾಯಿತು. ಇವನ ತಂದೆತಾಯಿಗಳು ಕೊರಿಯ ದೇಶದಿಂದ ಬಂದವರು. ಇವನು ಪಟ್ಟ ಕಷ್ಟವೂ ವಿಕಿಯ ಕಷ್ಟದಂಥದೇ. ಕ್ಯಾಲಿಫೋರ್ನಿಯದ ಪ್ಯಾಸಡೀನಾ ಎಂಬ ಊರಿನ ಈಜುಕೊಳದಲ್ಲಿ ಬಿಳಿಯರಲ್ಲದವರಿಗೆ ವಾರದಲ್ಲಿ ಒಂದೇ ದಿನ, ಬುಧವಾರ ಮಾತ್ರ, ಪ್ರವೇಶವಿತ್ತು. ಅವರು ಈಜಿ ಹೋದ ಮೇಲೆ ಕೊಳದ ನೀರನ್ನು ಹೊರಕ್ಕೆ ಬಿಟ್ಟು ಹೊಸ ನೀರನ್ನು ತುಂಬುತ್ತಿದ್ದರು. ಮಿಕ್ಕ ದಿನಗಳಲ್ಲಿ ಸ್ಯಾಮಿಯು ನೆಲದಲ್ಲಿ ತೋಡಿದ ಮರಳಿನ ಗುಂಡಿಗೆ ಹಾರಿ ಅಭ್ಯಾಸ ಮಾಡಿದನು. ಕೆರೆಬಾವಿಗಳ ವಿಷಯದಲ್ಲಿ ನಮ್ಮ ನಾಡಿನ ಚರಿತ್ರೆಯನ್ನು ಬಲ್ಲವರಿಗೆ ಈ ನೀರಿನ ಮಡಿವಂತಿಕೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಷ್ಟರ ಮೇಲೂ ಆತನು ೧೯೪೭ರಲ್ಲಿ ವೈದ್ಯ ಪದವಿಯನ್ನು ಪಡೆದನು. ೧೯೪೮ ಮತ್ತು ೧೯೫೨ರ ಒಲಿಂಪಿಕ್ ಪಂದ್ಯಗಳಲ್ಲಿ ವೇದಿಕೆಯ ಚಿನ್ನದ ಪದಕವನ್ನು ಗೆದ್ದನು.

ಈ ಸ್ಯಾಮಿ ಲೀಯೇ ವಿಕಿಯನ್ನು ಲೈಲ್ ಡ್ರೇವ್ಸ್ ಎಂಬ ಶಿಕ್ಷಕರಿಗೆ ಪರಿಚಯಿಸಿದನು. ಲೈಲ್ ಅವರು ಕೊಲ್ಲಿಯ ಆಚೆಗಿನ ಓಕ್ಲೆಂಡ್ ನಗರದಲ್ಲಿ ಧುಮುಕುವ ವಿದ್ಯೆಯನ್ನು ಕಲಿಸುತ್ತಿದ್ದರು. ಅವರ ಬಳಿಯಲ್ಲಿ ವಿಕಿಯು ಚಿಮ್ಮುಹಲಗೆಯ ಜೊತೆಗೆ ಹತ್ತು ಮೀಟರಿನ ವೇದಿಕೆಯ ವಿದ್ಯೆಯನ್ನೂ ಸಾಧಿಸಿದಳು. ೧೯೪೬ರಲ್ಲಿ ಗುರುಶಿಷ್ಯರು ಮದುವೆಯಾದರು. ಅದೇ ವರ್ಷ ಆಕೆಯು ಅಮೆರಿಕದ ರಾಷ್ಟ್ರೀಯ ವೇದಿಕೆಯ ಪಂದ್ಯವನ್ನು ಗೆದ್ದಳು. ೧೯೪೭ರಲ್ಲಿ ಮತ್ತೊಮ್ಮೆ, ೧೯೪೮ರಲ್ಲಿ ಮೂರನೆಯ ಸಲ ಗೆದ್ದಳು. ಆಕೆಯ ನೆಗೆತದಲ್ಲಿ ಬಲಕ್ಕಿಂತ ಲಾವಣ್ಯವೇ ಕಣ್ಣಿಗೆ ಮೊದಲು ಬೀಳುತ್ತಿತ್ತೆಂದು ನೋಡಿದವರು ಹೇಳುತ್ತಿದ್ದರು. ಬಾಲ್ಯದಲ್ಲಿ ನರ್ತನವನ್ನು ಕಲಿಯಲಾರದೆ ಹೋದವಳಿಗೆ ಗಾಳಿಯೇ ರಂಗವಾಯಿತು.

ಲಂಡನ್ನಿನಲ್ಲಿ

ಯುದ್ಧದ ಕಾರಣದಿಂದ ೧೯೪೦ರ ಮತ್ತು ೧೯೪೪ರ ಒಲಿಂಪಿಕ್ ಪಂದ್ಯಗಳು ನಡೆಯಲಿಲ್ಲ. ಹನ್ನೆರಡು ವರ್ಷಗಳ ತರುವಾಯ ೧೯೪೮ರಲ್ಲಿ ಲಂಡನ್ ನಗರವು ಜಗತ್ತಿನ ಕ್ರೀಡಾಪಟುಗಳನ್ನು ಬರಮಾಡಿಕೊಂಡಿತು. ಬಾಂಬಿನಿಂದ ಬಿದ್ದ ಕಟ್ಟಡಗಳು ಇನ್ನೂ ಹಾಗೆಯೇ ಇದ್ದವು. ಆಹಾರ ಪದಾರ್ಥಗಳನ್ನು ಚೀಟಿಯ ಮೇಲೆ ಅಳೆದು ಕೊಡುತ್ತಿದ್ದರು. ಪಂದ್ಯಗಳಿಗೆಂದು ಹೊಸ ಊರನ್ನು ಕಟ್ಟಲು ಹಣವಿಲ್ಲದೆ, ಬಂದವರನ್ನು ಸೈನ್ಯದ ಬಿಡಾರಗಳಲ್ಲಿಯೂ ಕಾಲೇಜುಗಳಲ್ಲಿಯೂ ಇಳಿಸಿದರು.

ಆಗಸ್ಟ್ ೩ರಂದು ವೆಂಬ್ಲಿಯ ಎಂಪೈರ್ ಪೂಲ್ ಎಂಬ ಒಳಾಂಗಣದ ಕೊಳದಲ್ಲಿ ಸ್ತ್ರೀಯರ ಚಿಮ್ಮುಹಲಗೆಯ ಪಂದ್ಯವು ನಡೆಯಿತು. ವಿಕಿಗೆ ಮುಖ್ಯ ಪ್ರತಿಸ್ಪರ್ಧಿಯಾಗಿದ್ದವಳು ಅವಳ ದೇಶದವಳೇ ಆದ ಜೋ ಆನ್ ಓಲ್ಸೆನ್ ಎಂಬ ೧೭ ವರ್ಷದ ಹುಡುಗಿ. ಇವಳೂ ಲೈಲ್ ಡ್ರೇವ್ಸ್ ಅವರ ಶಿಷ್ಯೆಯೇ. ಕೊನೆಯ ನೆಗೆತದವರೆಗೂ ಯಾರು ಗೆಲ್ಲುವರೆಂದು ಹೇಳುವಂತಿರಲಿಲ್ಲ. ಆ ಸಮಯದಲ್ಲಿ ವಿಕಿಯ ಧೈರ್ಯವು ಕುಂದಿತೆಂದೂ, ಹತ್ತಿರದಲ್ಲಿದ್ದ ಸ್ಯಾಮಿ ಲೀಯು, ಕೈಬಿಡುವುದಕ್ಕಾಗಿ ಇಷ್ಟು ದೂರ ಬಂದೆಯಾ ಎಂಬರ್ಥದ ಮಾತಿನಿಂದ ಆಕೆಯನ್ನು ಹುರಿದುಂಬಿಸಿದನೆಂದೂ ಹೇಳುವುದುಂಟು. ಆಕೆಯು ಹಲಗೆಯ ತುದಿಗೆ ನಡೆದಳು; ನೆಗೆದಳು; ನೀರು ಅಷ್ಟಾಗಿ ಕದಡಲಿಲ್ಲ. ಅಂಕಗಳನ್ನು ಕೂಡಿಸಿದಾಗ ವಿಕಿಗೆ ೧೦೮.೭೪, ಓಲ್ಸೆನಳಿಗೆ ೧೦೮.೨೩. ಎರಡಕ್ಕೂ ಇದ್ದ ಅಂತರವು ಅರ್ಧ ಅಂಕವನ್ನು ದಾಟಿ ಒಂದು ಎಳ್ಳಿನಷ್ಟು ಮಾತ್ರ. ಮೂರನೆಯವಳಾಗಿ ಬಂದವಳು ಪ್ಯಾಟ್ಸಿ ಎಲ್ಸೆನರ್. ಮೂವರೂ ಅಮೆರಿಕದವರೇ.

ಮೂರು ದಿನಗಳ ತರುವಾಯ, ಆಗಸ್ಟ್ ೬ರಂದು, ವೇದಿಕೆಯ ಪಂದ್ಯ. ಇಲ್ಲಿ ಆಕೆಯು ೬೮.೮೭ ಅಂಕಗಳನ್ನು ಪಡೆದು, ಎಲ್ಸೆನರಳನ್ನೂ ಡೆನ್ಮಾರ್ಕಿನ ಬಿರ್ಟೆ ಕ್ರಿಸ್ಟೋಫರ್ಸೆನಳನ್ನೂ ಹಿಂದೆ ಹಾಕಿ, ಎರಡನೆಯ ಚಿನ್ನದ ಪದಕವನ್ನು ಪಡೆದಳು. ನಡುವಿನ ದಿನ, ಅಂದರೆ ಆಗಸ್ಟ್ ೫ರಂದು, ಸ್ಯಾಮಿ ಲೀಯು ಪುರುಷರ ವೇದಿಕೆಯ ಪಂದ್ಯವನ್ನು ಗೆದ್ದಿದ್ದನು. ಏಷ್ಯದ ಮೂಲದ ಅಮೆರಿಕದವರಲ್ಲಿ ಒಲಿಂಪಿಕ್ ಚಿನ್ನವನ್ನು ಮೊದಲು ಗಳಿಸಿದವಳು ವಿಕಿ. ಎರಡೇ ದಿನ ತಡವಾಗಿ ಗಳಿಸಿದವನು ಆಕೆಯ ಗೆಳೆಯ. ಒಂದು ಸಂಘದ ಪಟ್ಟಿಯಲ್ಲಿ ಬರೆಯಲಾಗದೆಂದು ಹೇಳಲ್ಪಟ್ಟಿದ್ದ ಮನಾಲೋ ಮನೆತನದ ಮಗಳು ಈ ರೀತಿಯಾಗಿ ಜಗತ್ತಿನ ಚರಿತ್ರೆಯ ಪಟ್ಟಿಯಲ್ಲಿ ಸೇರಿದಳು.

ಇದಾಗಿ ಎರಡು ತಿಂಗಳೊಳಗೆ, ೧೯೪೮ರ ಅಕ್ಟೋಬರ್ ೧ರಂದು, ಕ್ಯಾಲಿಫೋರ್ನಿಯದ ಶ್ರೇಷ್ಠ ನ್ಯಾಯಾಲಯವು ಬೇರೆ ಬೇರೆ ವರ್ಣದವರ ಮದುವೆಯನ್ನು ನಿಷೇಧಿಸಿದ್ದ ಕಾಯಿದೆಯನ್ನು ತಳ್ಳಿಹಾಕಿತು. ಆ ತೀರ್ಪಿಗೆ ಒಲಿಂಪಿಕ್ ಪದಕಗಳು ಕಾರಣವಲ್ಲ. ಅದಕ್ಕಾಗಿ ಬೇರೆಯವರು ಧೈರ್ಯದಿಂದ ಹೋರಾಡಿದ್ದರು. ಆದರೂ ಒಂದೇ ವರ್ಷದಲ್ಲಿ ಈ ಎರಡು ಸಂಗತಿಗಳು ಕೂಡಿಬಂದದ್ದನ್ನು ಗಮನಿಸದೆ ಇರಲಾಗದು. ಪದಕಗಳಿಂದ ತಿರಸ್ಕಾರವು ಒಮ್ಮೆಗೇ ಕರಗಿಹೋಗುವುದೆಂದು ಭಾವಿಸುವುದೂ ತಪ್ಪು. ಎರಡು ಒಲಿಂಪಿಕ್ಕುಗಳಲ್ಲಿ ಗೆದ್ದ ವೈದ್ಯನಾದ ಸ್ಯಾಮಿ ಲೀಗೆ ೧೯೫೦ರ ದಶಕದಲ್ಲಿಯೂ ಕ್ಯಾಲಿಫೋರ್ನಿಯದ ಒಂದು ಊರಿನಲ್ಲಿ ಆತನ ವಂಶದ ಕಾರಣದಿಂದ ಮನೆಯನ್ನು ಮಾರಲೊಲ್ಲೆವೆಂದು ಹೇಳಿದ್ದರು.

ಅನಂತರದ ಜೀವನ

ಆಗಿನ ಒಲಿಂಪಿಕ್ ಪಂದ್ಯಗಳಲ್ಲಿ ಆಟದಿಂದ ಹಣ ಸಂಪಾದಿಸುವವರಿಗೆ ಅವಕಾಶವಿರಲಿಲ್ಲ. ಲಂಡನ್ನಿನ ಬಳಿಕ ವಿಕಿಯು ಪಂದ್ಯಗಳನ್ನು ಬಿಟ್ಟು, ಜಲಕ್ರೀಡೆಯ ಪ್ರದರ್ಶನಗಳನ್ನು ನಡೆಸುವ ತಂಡಗಳೊಂದಿಗೆ ಊರೂರು ಸಂಚರಿಸಿದಳು. ೧೯೪೯ರಲ್ಲಿ ಆಮಂತ್ರಣದ ಮೇಲೆ ತಂದೆಯ ನಾಡಾದ ಫಿಲಿಪೈನ್ಸಿಗೆ ಮೊದಲನೆಯ ಸಲ ಹೋದಳು. ಮನಿಲಾ ನಗರದಲ್ಲಿ ಜನರ ಮುಂದೆಯೂ, ದೇಶದ ಅಧ್ಯಕ್ಷರಾಗಿದ್ದ ಎಲ್ಪಿದಿಯೋ ಕಿರಿನೋ ಅವರ ಮುಂದೆಯೂ ತನ್ನ ವಿದ್ಯೆಯನ್ನು ತೋರಿಸಿದಳು. ಆ ದೇಶದವರು ಆಕೆಯನ್ನು ತಮ್ಮ ಮನೆಯ ಮಗಳೆಂದೇ ಬರಮಾಡಿಕೊಂಡರು. ಎಲ್ಲಿ ಯಾವ ಹೆಸರನ್ನು ಮುಚ್ಚಿಡಬೇಕಾಗಿತ್ತೋ ಆ ಹೆಸರೇ ಇಲ್ಲಿ ಆಕೆಗೆ ಗೌರವವನ್ನು ತಂದಿತು.

ತರುವಾಯ ದಂಪತಿಗಳು ಕ್ಯಾಲಿಫೋರ್ನಿಯದಲ್ಲಿ ನೆಲೆಸಿ ಈಜು ಮತ್ತು ಧುಮುಕುವ ವಿದ್ಯೆಯನ್ನು ಮಕ್ಕಳಿಗೆ ಕಲಿಸುತ್ತ ಬಾಳಿದರು. ಅವರಿಗೆ ನಾಲ್ವರು ಗಂಡುಮಕ್ಕಳು. ಅವರೂ ಈ ವಿದ್ಯೆಯಲ್ಲಿ ನುರಿತವರಾದರು. ೧೯೬೯ರಲ್ಲಿ ಅಂತರರಾಷ್ಟ್ರೀಯ ಈಜುಗಾರರ ಕೀರ್ತಿಮಂದಿರದಲ್ಲಿ ಆಕೆಯ ಹೆಸರು ಸೇರಿತು. ಆಕೆಯು ತೋರಿಸಿದ ದಾರಿಯಲ್ಲಿ ಬೇರೆಯವರೂ ನಡೆದರು. ಅಮೆರಿಕದ ಪ್ಯಾಟ್ ಮೆಕಾರ್ಮಿಕ್ ಎಂಬವಳು ೧೯೫೨ರಲ್ಲಿಯೂ ೧೯೫೬ರಲ್ಲಿಯೂ, ಜರ್ಮನಿಯ ಇಂಗ್ರಿಡ್ ಕ್ರೇಮರ್ ೧೯೬೦ರಲ್ಲಿ, ಚೀನದ ಫು ಮಿಂಗ್‌ಶಿಯಾ ೧೯೯೬ರಲ್ಲಿ ಎರಡು ಪಂದ್ಯಗಳನ್ನೂ ಗೆದ್ದರು.

೨೦೦೬ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದವರು ಆಕೆಯು ಹುಟ್ಟಿ ಬೆಳೆದ ಬಡವರ ಬಡಾವಣೆಯಲ್ಲಿಯೇ, ಫೋಲ್ಸಮ್ ಬೀದಿಯಲ್ಲಿ, ಒಂದು ಉದ್ಯಾನಕ್ಕೆ ಆಕೆಯ ಹೆಸರನ್ನಿಟ್ಟರು. ವಿಕ್ಟೋರಿಯಾ ಮನಾಲೋ ಡ್ರೇವ್ಸ್ ಉದ್ಯಾನವೆಂಬುದು ಅದರ ಪೂರ್ಣ ನಾಮಧೇಯ. ಟೇಲರ್ ಎಂಬುದಲ್ಲ, ಡ್ರೇವ್ಸ್ ಎಂಬುದು ಮಾತ್ರವೂ ಅಲ್ಲ. ತಂದೆಯ ಹೆಸರು ನಡುವೆ ಸ್ಪಷ್ಟವಾಗಿ ನಿಂತಿದೆ. ಇದನ್ನು ಆಕೆಯು ಕಣ್ಣಾರೆ ಕಾಣುವಂತಾದದ್ದು ಸಂತೋಷದ ಸಂಗತಿ. ೨೦೧೦ನೆಯ ಇಸವಿ ಏಪ್ರಿಲ್ ೧೧ರಂದು, ತನ್ನ ೮೫ನೆಯ ವಯಸ್ಸಿನಲ್ಲಿ, ಆಕೆಯು ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡಳು.

ತಂದೆತಾಯಿಗಳಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಎರಡು ಮಾತು

ಹೆಣ್ಣುಮಕ್ಕಳಿಗೆ ಈಜು, ಓಟ, ನೆಗೆತ ಇವುಗಳಿಂದ ಪ್ರಯೋಜನವೇನೆಂದು ಪೋಷಕರು ಆಗಾಗ್ಗೆ ಕೇಳುವುದುಂಟು. ಮೈ ಕಪ್ಪಾಗುವುದು, ಏಟು ಬೀಳುವುದು, ಪಾಠಕ್ಕೆ ಅಡ್ಡಿಯಾಗುವುದು, ನಾಲ್ಕು ಜನ ಆಡಿಕೊಳ್ಳುವರು ಎಂಬಿವು ಅವರ ಆಕ್ಷೇಪಣೆಗಳು. ಇವುಗಳನ್ನು ಹಗುರವಾಗಿ ತಳ್ಳಿಬಿಡುವುದು ಉಚಿತವಲ್ಲ; ಮಗಳ ಕ್ಷೇಮದ ಚಿಂತೆಯಿಂದಲೇ ಅವರು ಕೇಳುತ್ತಾರೆ. ಆದರೆ ಕೆರೆಹೊಳೆಗಳ ನಾಡಿನಲ್ಲಿ ಈಜು ಬಾರದಿರುವುದೇ ಹೆಚ್ಚಿನ ಅಪಾಯವಲ್ಲವೇ? ನೀರಿಗಿಳಿಯದೆ ಈಜು ಬಾರದೆಂಬ ನಮ್ಮ ಹಿರಿಯರ ಮಾತು ಗಂಡುಮಕ್ಕಳಿಗೆ ಮಾತ್ರ ಹೇಳಿದ್ದಲ್ಲ. ೧೯೫೨ರ ಹೆಲ್ಸಿಂಕಿಯ ಒಲಿಂಪಿಕ್ಕಿನಲ್ಲಿ ಭಾರತದ ಪರವಾಗಿ ಈಜಿದ ಆರತಿ ಸಾಹಾ ಎಂಬ ಬಂಗಾಳದ ಬಾಲಿಕೆಗೆ ಆಗ ಹನ್ನೊಂದೇ ವರ್ಷ. ೧೯೫೯ರಲ್ಲಿ ಆಕೆಯೇ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದಳು. ನಮ್ಮ ಬೆಂಗಳೂರಿನ ನಿಶಾ ಮಿಲ್ಲೆಟ್ ೨೦೦೦ದ ಸಿಡ್ನಿ ಒಲಿಂಪಿಕ್ಕಿನಲ್ಲಿ ಈಜಿದಳು. ಎಲ್ಲರೂ ಒಲಿಂಪಿಕ್ಕಿಗೆ ಹೋಗಲಾರರು; ಹೋಗಬೇಕಾಗಿಯೂ ಇಲ್ಲ. ಎತ್ತರದ ಸ್ಥಳದಲ್ಲಿ ಒಂಟಿಯಾಗಿ ನಿಂತು, ಭಯವನ್ನು ಅಡಗಿಸಿ, ತಾನು ಕಲಿತದ್ದನ್ನು ನಂಬಿ ಹೆಜ್ಜೆಯನ್ನು ಮುಂದಿಡುವ ಅಭ್ಯಾಸವು ಮಾತ್ರ ಪ್ರತಿಯೊಬ್ಬ ಹುಡುಗಿಗೂ ಬೇಕಾದದ್ದು. ಪರೀಕ್ಷೆಯ ಕೊಠಡಿಯಲ್ಲಿ, ಉದ್ಯೋಗದ ಸಂದರ್ಶನದಲ್ಲಿ, ಆಸ್ಪತ್ರೆಯಲ್ಲಿ, ಮನೆಗೆ ಕಷ್ಟ ಬಂದ ರಾತ್ರಿಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ. ನಿಮ್ಮಲ್ಲಿ ಅನೇಕರು ಈಗ ಉಪಾಧ್ಯಾಯಿನಿಯರು, ದಾದಿಯರು, ವೈದ್ಯರು, ಕಚೇರಿಯ ಅಧಿಕಾರಿಣಿಯರು, ಮನೆಯ ಯಜಮಾನಿಯರು ಆಗಿದ್ದೀರಿ. ಯಾರನ್ನು ಒಳಕ್ಕೆ ಕರೆಯಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕೆಂದು ತೀರ್ಮಾನಿಸುವ ಸ್ಥಾನದಲ್ಲಿ ನೀವಿದ್ದೀರಿ. ನಿಮ್ಮ ಬಳಿಗೆ ಕಲಿಯಲೋ ದುಡಿಯಲೋ ಬಂದ ಹುಡುಗಿಯ ಹೆಸರನ್ನು ಪೂರ್ತಿಯಾಗಿ ಕೇಳಿ, ಸರಿಯಾಗಿ ಉಚ್ಚರಿಸಿ, ಆ ಹೆಸರಿನಿಂದಲೇ ಕರೆಯಿರಿ. ಆಕೆಯ ಊರನ್ನೂ ತಂದೆತಾಯಿಗಳ ಕೆಲಸವನ್ನೂ ಕೇಳುವಾಗ, ಹೇಳುವುದಕ್ಕೆ ಆಕೆಗೆ ನಾಚಿಕೆಯಾಗದಂತೆ ಕೇಳಿರಿ. ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಒಂದು ಹೆಸರನ್ನು ಅದರ ಸ್ಥಾನಕ್ಕೆ ಮರಳಿ ತರುವುದಕ್ಕೆ ಅರವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ನಮ್ಮ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಆ ಕೆಲಸವನ್ನು ಮೊದಲನೆಯ ದಿನವೇ ಮಾಡಬಹುದು.